ಬ್ಯೂರೆಟ್ ಮುಟ್ಟದ ಕೈಗೆ ಮೂವತ್ತಕ್ಕೆ ಮೂವತ್ತು

ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಪಟ್ಟಣಗಳಲ್ಲಿ ಪ್ರತಿಭಾ ಪುರಸ್ಕಾರದ ಸಮಾರಂಭಗಳು ಆರಂಭವಾಗುತ್ತವೆ. ಶಾಲು, ಹಾರ, ಸ್ಮರಣಿಕೆ, ಆಮೇಲೆ ಭಾಷಣ. ವಿಜ್ಞಾನ ವಿಭಾಗದ ಮಕ್ಕಳು ವೇದಿಕೆಯೇರಿದರಂತೂ ಧುರೀಣರಲ್ಲೊಬ್ಬರು ಎದ್ದು, ರಸಾಯನಶಾಸ್ತ್ರವನ್ನು ಜಗತ್ತಿಗೆ ಕೊಟ್ಟವರು ನಾವು, ಜಾಬಿರ್ ಇಬ್ನ್ ಹಯ್ಯಾನ್ ನಮ್ಮವರು ಎಂದು ಘೋಷಿಸುತ್ತಾರೆ. ಸಭೆ ಕರತಾಡನ ಮಾಡುತ್ತದೆ. ಅದೇ ವೇದಿಕೆಯಲ್ಲಿ ನಿಂತಿರುವ ಮಗುವಿನ ಬಳಿ, 'ಮಗೂ, ನೀನು ಎರಡು ವರ್ಷಗಳಲ್ಲಿ ಎಷ್ಟು ಬಾರಿ ಬ್ಯೂರೆಟ್ ಹಿಡಿದಿದ್ದೀಯಾ?' ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾವು ಕೇಳಿದೆವು. ದೇವರ ಹಿಪ್ಪರಗಿಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಅವರ ಮಗ ತನ್ನ ಪ್ರಾಯೋಗಿಕ ದಾಖಲೆ ಪುಸ್ತಕವನ್ನು ಅಭಿಮಾನದಿಂದ ತೋರಿಸಿದ. ಮುತ್ತಿನಂಥ ಅಕ್ಷರ, ಅಳತೆಪಟ್ಟಿ ಇಟ್ಟು ಎಳೆದ ಗೆರೆಗಳು, ಪ್ರತಿ ಪುಟದಲ್ಲೂ ಉಪನ್ಯಾಸಕರ ಕೆಂಪು ಸಹಿ. ಒಂದು ಪುಟದಲ್ಲಿ ಪೊಟ್ಯಾಶಿಯಂ ಪರ್ಮಾಂಗನೇಟಿನ ಪ್ರಯೋಗವಿತ್ತು. ಮೂರು ಬಾರಿ ಅಳೆದಾಗಲೂ ಸಿಕ್ಕ ಪರಿಮಾಣ 10.2 ಮಿಲಿಲೀಟರ್. ಅವನ ಗೆಳೆಯನ ಪುಸ್ತಕ ತರಿಸಿ ನೋಡಿದೆವು. ಅಲ್ಲಿಯೂ 10.2, 10.2, 10.2. 'ರೀಡಿಂಗ್ ಸರ್ ಬೋರ್ಡಿನ ಮ್ಯಾಲ ಬರದಿದ್ರು ರೀ, ನಾವು ಇಳಿಸ್ಕೊಂಡೇವಿ' ಎಂದ ಹುಡುಗ. ಅವನ ಮುಖದಲ್ಲಿ ಅಳುಕು ಇರಲಿಲ್ಲ. ಯಾಕೆ ಇರಬೇಕು? ಅದು ತಪ್ಪೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಒಂದು ಕಾಲೇಜಿನ ಮಾತಾಗಿದ್ದರೆ ನಾವು ಲೇಖನ ಬರೆಯುವ ಅಗತ್ಯವೂ ಇರಲಿಲ್ಲ.

ಆ ಪುಟದಲ್ಲಿ ನಡೆಯಬೇಕಾಗಿದ್ದುದೇನು ಎಂಬುದನ್ನು ಪಾಲಕರು ತಿಳಿದಿರುವುದು ಒಳ್ಳೆಯದು. ನಾವು ಕಲಾ ವಿಭಾಗದಿಂದ ಬಂದವರು, ಇದನ್ನು ತಡವಾಗಿ, ಬಲ್ಲವರ ಬಳಿ ಕುಳಿತು ಕಲಿತೆವು. ಆಕ್ಸಾಲಿಕ್ ಆಮ್ಲದ ಹರಳನ್ನು ತೂಕಮಾಡಬೇಕು. ಅದರ ಒಂದು ಮೋಲ್ ಎಂದರೆ 126 ಗ್ರಾಂ. 250 ಮಿಲಿಲೀಟರ್ ನೀರಿನಲ್ಲಿ 0.1 ಮೋಲಾರ್ ದ್ರಾವಣ ಬೇಕಾದರೆ 3.15 ಗ್ರಾಂ ಸಾಕು. ಅದರಲ್ಲಿ 10 ಮಿಲಿಲೀಟರನ್ನು ಪಿಪೆಟ್ಟಿನಿಂದ ತೆಗೆದು, ಸಾರರಿಕ್ತ ಗಂಧಕಾಮ್ಲ ಸೇರಿಸಿ, 60ರಿಂದ 70 ಡಿಗ್ರಿಯವರೆಗೆ ಬಿಸಿಮಾಡಿ, ಬ್ಯೂರೆಟ್ಟಿನಿಂದ ನೇರಳೆ ಬಣ್ಣದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಬೇಕು. ಮಾಯವಾಗದ ತೆಳು ಗುಲಾಬಿ ಬಣ್ಣ ಕಂಡ ಹನಿಗೆ ನಿಲ್ಲಿಸಬೇಕು. ಎರಡು ಮೋಲ್ ಪರ್ಮಾಂಗನೇಟಿಗೆ ಐದು ಮೋಲ್ ಆಕ್ಸಾಲಿಕ್ ಆಮ್ಲ ಎಂಬ ಲೆಕ್ಕದಿಂದ, 10.2 ಮಿಲಿಲೀಟರ್ ಖರ್ಚಾಗಿದ್ದರೆ ಪರ್ಮಾಂಗನೇಟಿನ ಸಾಂದ್ರತೆ 0.0392 ಮೋಲಾರ್ ಎಂದು ಹೊರಬೀಳುತ್ತದೆ. ಒಬ್ಬನಿಗೆ 10.1, ಇನ್ನೊಬ್ಬನಿಗೆ 10.3 ಬರಬಹುದು. ಮೊದಲ ಸಲ ಕೈತಪ್ಪಿ 11 ದಾಟಲೂಬಹುದು. ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುವುದೇ ಕಲಿಕೆ. ಕಣ್ಣು ದ್ರವದ ಮಟ್ಟಕ್ಕೆ ಸಮನಾಗಿತ್ತೇ? ಬ್ಯೂರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಉಳಿದಿತ್ತೇ? ಬಣ್ಣವಿಲ್ಲದ ದ್ರವದಲ್ಲಿ ಬಾಗಿದ ಮೇಲ್ಮೈಯ ಕೆಳ ಅಂಚನ್ನು ಓದಬೇಕು, ಪರ್ಮಾಂಗನೇಟಿನಂಥ ಗಾಢ ದ್ರವದಲ್ಲಿ ಮೇಲಂಚನ್ನು ಓದಬೇಕು ಎಂಬುದು ನೆನಪಿತ್ತೇ? ಇದ್ಯಾವುದೂ ಕರಿಹಲಗೆಯಿಂದ ಬರುವುದಿಲ್ಲ.

ರಸಾಯನಶಾಸ್ತ್ರದ 100 ಅಂಕಗಳಲ್ಲಿ 70 ಲಿಖಿತ ಪರೀಕ್ಷೆಗೆ, 30 ಪ್ರಾಯೋಗಿಕಕ್ಕೆ. ಆ ಮೂವತ್ತನ್ನು ನಮ್ಮವರು 'ಹೇಗಿದ್ದರೂ ಬರುವ ಅಂಕ' ಎಂದು ಕರೆಯುತ್ತಾರೆ. ಲವಣ ವಿಶ್ಲೇಷಣೆಯಲ್ಲಿ ಯಾವ ಲವಣ ಕೊಟ್ಟಿದ್ದಾರೆಂಬುದು ಹೊರಗೆ ಪಿಸುಮಾತಿನಲ್ಲಿ ಗೊತ್ತಾಗಿರುತ್ತದೆ. ಉತ್ತರ ಮೊದಲೇ ತಿಳಿದ ಹುಡುಗ ಪ್ರನಾಳಕ್ಕೆ ಏನೂ ಹಾಕದೆಯೇ 'ಬಿಳಿ ಒತ್ತರ ಕಂಡುಬಂತು' ಎಂದು ಬರೆಯುತ್ತಾನೆ. ಇದಕ್ಕೆ ನಾವು ಬಳಸಬೇಕಾದ ಪದ ಯಾವುದು? ಹದೀಸ್ ವಿದ್ವಾಂಸರು ಒಂದು ವರದಿಯನ್ನು ಸ್ವೀಕರಿಸುವ ಮುನ್ನ, ಹೇಳಿದಾತ ಅದನ್ನು ಯಾರಿಂದ ಕೇಳಿದ, ನಿಜವಾಗಿಯೂ ಕೇಳಿದ್ದನೇ ಎಂದು ಪರಿಶೀಲಿಸುತ್ತಿದ್ದರು ಎಂದು ಮದ್ರಸಾದಲ್ಲಿ ನಮಗೆ ವರ್ಷಗಟ್ಟಲೆ ಕಲಿಸಲಾಯಿತು. ಕಾಣದ ಒತ್ತರವನ್ನು ಕಂಡೆನೆಂದು ಸಹಿಮಾಡುವುದು ಸುಳ್ಳು ಸಾಕ್ಷ್ಯ. ಅದಕ್ಕೆ ಪೂರ್ಣಾಂಕ ಸಿಕ್ಕ ಮಾತ್ರಕ್ಕೆ ಬೇರೆ ಹೆಸರು ಬರುವುದಿಲ್ಲ.

ಇಲ್ಲಿಗೆ ಒಂದು ಆಕ್ಷೇಪ ಸಿದ್ಧವಾಗಿರುತ್ತದೆ: ಸಣ್ಣ ಊರು, ಪ್ರಯೋಗಾಲಯಕ್ಕೆ ಹಣವೆಲ್ಲಿ, ಸಾಮಗ್ರಿಯೆಲ್ಲಿ? ದೇವರ ಹಿಪ್ಪರಗಿ 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲೊಂದು, ನಿಜ. ವಿಜಯಪುರಕ್ಕೆ ಇರುವ ಸೌಲಭ್ಯ ಅದಕ್ಕಿಲ್ಲ. ಆದರೆ ಸಾಮಗ್ರಿಯ ಕೊರತೆಯ ಮಾತು ಈ ಸೀಮೆಯಲ್ಲಿ ನಿಲ್ಲುವುದಿಲ್ಲ. ಪಕ್ಕದ ಇಂಡಿ ನಿಂಬೆಯ ನಾಡು. ಒಂದು ಮಿಲಿಲೀಟರ್ ನಿಂಬೆರಸಕ್ಕೆ ನೀರು ಬೆರೆಸಿ, ಎರಡು ಹನಿ ಫೀನಾಫ್ತಲೀನ್ ಹಾಕಿ, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಬ್ಯೂರೆಟ್ಟಿನಿಂದ ಬಿಟ್ಟರೆ, ಗುಲಾಬಿ ಬಣ್ಣ ನಿಲ್ಲುವ ಹೊತ್ತಿಗೆ ರಸದ ಹುಳಿಯೆಷ್ಟು ಎಂಬ ಲೆಕ್ಕ ಕೈಗೆ ಬರುತ್ತದೆ. ಸಿಟ್ರಿಕ್ ಆಮ್ಲದ ಮೋಲ್ 192 ಗ್ರಾಂ. ಅದರ ಒಂದು ಅಣು ಮೂರು ಅಣು ಹೈಡ್ರಾಕ್ಸೈಡನ್ನು ತಟಸ್ಥಗೊಳಿಸುತ್ತದೆ. ಆದ್ದರಿಂದ ಖರ್ಚಾದ ಪ್ರತಿ ಮಿಲಿಲೀಟರಿಗೆ 6.4 ಮಿಲಿಗ್ರಾಂ ಆಮ್ಲ. ಹತ್ತು ಮಿಲಿಲೀಟರ್ ಖರ್ಚಾದರೆ 64 ಮಿಲಿಗ್ರಾಂ, ಎಂದರೆ ನೂರು ಮಿಲಿಲೀಟರ್ ರಸದಲ್ಲಿ 6.4 ಗ್ರಾಂ. ಹಸಿರು ಕಾಯಿಯ ರಸಕ್ಕೂ ಹಣ್ಣಾದುದರ ರಸಕ್ಕೂ ವ್ಯತ್ಯಾಸವೆಷ್ಟು ಎಂಬುದನ್ನು ರೈತನ ಮಗಳೊಬ್ಬಳು ಒಂದು ಮಧ್ಯಾಹ್ನದಲ್ಲಿ ಅಳೆದು ತಂದೆಗೆ ಹೇಳಬಲ್ಲಳು. ಡೋಣಿ ನದಿಯ ನೀರು ಉಪ್ಪೆಂದು ತಾಳಿಕೋಟೆಯ ಕಡೆಯವರಿಗೆಲ್ಲ ಗೊತ್ತು. ಆ ನೀರಿಗೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಬಿದ್ದರೆ ಮೊಸರಿನಂತೆ ಬಿಳಿ ಒತ್ತರ ಇಳಿಯುತ್ತದೆ, ಕ್ಲೋರೈಡ್ ಕಣ್ಣಿಗೆ ಕಾಣುತ್ತದೆ.

ದ್ರಾಕ್ಷಿಯ ವಿಷಯ ಇನ್ನೂ ಗಂಭೀರ. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ಎಲ್ಲೆಲ್ಲೋ ಹೋಗುತ್ತದೆ, ಅದನ್ನು ಒಣಗಿಸುವ ಶೆಡ್ಡುಗಳಲ್ಲಿ ದುಡಿಯುವವರಲ್ಲಿ ನಮ್ಮ ಮೊಹಲ್ಲಾಗಳ ಮಹಿಳೆಯರೂ ಇದ್ದಾರೆ. ಹಣ್ಣನ್ನು ಮೊದಲು ಅದ್ದುವ ದ್ರಾವಣದಲ್ಲಿ ಸಾಮಾನ್ಯವಾಗಿ ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಶಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್, ಎಂದರೆ ಈಥೈಲ್ ಓಲಿಯೇಟ್ ಇರುತ್ತದೆ. ಸಿಪ್ಪೆಯ ಮೇಲಿನ ಮೇಣದ ಪದರ ನೀರನ್ನು ತಡೆಯದಂತಾಗಿ ಹಣ್ಣು ಬೇಗ ಒಣಗುತ್ತದೆ. ಆ ಕ್ಷಾರದಲ್ಲಿ ಬರಿಗೈ ಅದ್ದಿದವರ ಚರ್ಮ ಏನಾಗುತ್ತದೆ ಎಂಬುದು ಪಾಠದ ಪ್ರಶ್ನೆಯಾಗಬೇಕಿತ್ತು. ಬಣ್ಣ ಹೊಂಬಣ್ಣವಾಗಲೆಂದು ಗಂಧಕದ ಹೊಗೆ ಹಾಕುವುದೂ ಉಂಟು. 32 ಗ್ರಾಂ ಗಂಧಕ 32 ಗ್ರಾಂ ಆಮ್ಲಜನಕದೊಂದಿಗೆ ಉರಿದು 64 ಗ್ರಾಂ ಸಲ್ಫರ್ ಡೈಆಕ್ಸೈಡ್ ಆಗುತ್ತದೆ ಎಂದು ನಮ್ಮ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಹಾಗಾದರೆ ಒಂದು ಕಿಲೋ ಗಂಧಕ ಉರಿದಾಗ ಎರಡು ಕಿಲೋ ಅನಿಲ, 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು 760 ಲೀಟರ್. ಗಾಳಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರವಾದ ಅದು ಕೆಳಗೆ ತಂಗುತ್ತದೆ, ಒದ್ದೆ ಶ್ವಾಸನಾಳ ಸಿಕ್ಕರೆ ಆಮ್ಲವಾಗುತ್ತದೆ. ಬಾಗಿಲು ತೆರೆದು ಗಾಳಿಯಾಡಿಸದೆ ಒಳಗೆ ಹೋಗಬೇಡಮ್ಮಾ ಎಂದು ತಾಯಿಗೆ ಹೇಳಬಲ್ಲ ಮಗ ಬೇಕೋ, ಸಮೀಕರಣವನ್ನು ಸರಿದೂಗಿಸಿ ಸುಮ್ಮನಿರುವ ಮಗ ಬೇಕೋ?

ಮನೆಯೊಳಗಿನ ಮಾತನ್ನೂ ಹೇಳಿಬಿಡುತ್ತೇವೆ. ಬಚ್ಚಲು ತೊಳೆಯುವಾಗ ಕೊಳೆ ಹೋಗಲಿಲ್ಲವೆಂದು ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಸುರಿಯುವವರಿದ್ದಾರೆ. ಹೊರಬರುವುದು ಕ್ಲೋರಿನ್. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟ ಅನಿಲ ಅದೇ. ಮುಚ್ಚಿದ ಬಚ್ಚಲಿನಲ್ಲಿ ಅದು ತಯಾರಾಗುವುದನ್ನು ತಡೆಯಲು ಒಂದು ಪ್ರಯೋಗಾಲಯದ ಪಾಠ ಸಾಕಾಗುತ್ತಿತ್ತು.

ಇನ್ನು ಪಾಲಕರ ವಾದ. ನೀಟ್ ಪರೀಕ್ಷೆಯಲ್ಲಿ ಬ್ಯೂರೆಟ್ ಕೊಡುವುದಿಲ್ಲ, ರಸಾಯನಶಾಸ್ತ್ರದ 45 ಪ್ರಶ್ನೆಗೆ 180 ಅಂಕ, ಗೋಲ ತುಂಬಿದರೆ ಆಯಿತು, ಆ ಸಮಯದಲ್ಲಿ ಇನ್ನಷ್ಟು ಪ್ರಶ್ನೆ ಬಿಡಿಸಲಿ ಎಂದು. ಕೋಚಿಂಗಿಗೆ ಲಕ್ಷ ಸುರಿಯುವ ತಂದೆಯೂ ಒಂದು ಬೆಳಗು ಪ್ರಯೋಗಾಲಯದಲ್ಲಿ ಕಳೆದುಹೋಯಿತೆಂದು ಕಾಲೇಜಿಗೆ ಫೋನು ಮಾಡುತ್ತಾರೆ. ಅವರಿಗೆ ತಿಳಿಯದ ಸಂಗತಿಯೆಂದರೆ, 2024ರಿಂದ ನೀಟ್ ಪಠ್ಯಕ್ರಮದಲ್ಲಿ ಪ್ರಾಯೋಗಿಕ ರಸಾಯನಶಾಸ್ತ್ರದ ತತ್ತ್ವಗಳು ಎಂಬ ಘಟಕವೇ ಇದೆ. ಪರ್ಮಾಂಗನೇಟಿನ ಅನುಮಾಪನ, ಲವಣ ವಿಶ್ಲೇಷಣೆ ಎಲ್ಲವೂ ಅದರಲ್ಲಿವೆ. ಅಂಕದ ಆಸೆಗಾದರೂ ಮಗುವನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕಾದ ಕಾಲ ಬಂದಿದೆ. ಅಷ್ಟಕ್ಕೂ ನಾಳೆ ವೈದ್ಯನಾಗುವವನು ಅಳೆದು ಕೊಡುವುದು ಮನುಷ್ಯರಿಗೆ. ಆಗ ಅವನ ಮುಂದೆ ಕರಿಹಲಗೆ ಇರುವುದಿಲ್ಲ.

ಹೆಣ್ಣು ಮಕ್ಕಳ ವಿಷಯದಲ್ಲಿ ಇನ್ನೊಂದು ತಕರಾರು ಕೇಳುತ್ತೇವೆ: ಪ್ರಾಯೋಗಿಕ ತರಗತಿ ಮುಗಿಯುವಾಗ ಸಂಜೆಯಾಗುತ್ತದೆ, ಬಸ್ಸು ತಪ್ಪುತ್ತದೆ, ಆಸಿಡ್ ಅಪಾಯ. ಬಸ್ಸಿನ ಮಾತು ನಿಜ, ಬೆಳಗಿನ ತಂಡ ಮಾಡಿಸಿಕೊಳ್ಳಲು ನಾಲ್ಕು ಜನ ಪಾಲಕರು ಒಟ್ಟಾಗಿ ಪ್ರಾಂಶುಪಾಲರನ್ನು ಕಂಡರೆ ಆಗುವ ಕೆಲಸ. ಅಪಾಯದ ಮಾತು ಅರ್ಧ ನಿಜ. ತೋಳು, ದುಪ್ಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಬೇಕು, ಕಣ್ಣಿಗೆ ಕನ್ನಡಕ ಬೇಕು, ನೀರಿಗೆ ಗಂಧಕಾಮ್ಲವನ್ನು ನಿಧಾನವಾಗಿ ಸೇರಿಸಬೇಕೇ ಹೊರತು ಗಂಧಕಾಮ್ಲಕ್ಕೆ ನೀರನ್ನಲ್ಲ, ಪಿಪೆಟ್ಟನ್ನು ಬಾಯಿಂದ ಹೀರಬಾರದು, ವಾಸನೆಯನ್ನು ಕೈಯಿಂದ ಬೀಸಿಕೊಂಡು ನೋಡಬೇಕು. ಕಲಿಸಿದರೆ ಇಷ್ಟೂ ಒಂದು ಗಂಟೆಯ ಪಾಠ. ಕಲಿಸದೆ ಬೀಗ ಹಾಕಿದ ಕಪಾಟು ಯಾರನ್ನೂ ಬಚ್ಚಲಿನ ಕ್ಲೋರಿನ್ನಿನಿಂದ ಕಾಪಾಡುವುದಿಲ್ಲ.

ಮತ್ತೆ ಆ ವೇದಿಕೆಯ ಭಾಷಣಕ್ಕೆ ಬರೋಣ. ಜಾಬಿರ್‌ರ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಎಷ್ಟು ಅವರದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ನಮ್ಮ ಭಾಷಣಕಾರರಿಗೆ ಅದರ ಗೊಡವೆಯಿಲ್ಲ. ಅವರ ನಂತರದ ಅಲ್‌ರಾಝಿ ತಮ್ಮ 'ಕಿತಾಬುಲ್ ಅಸ್ರಾರ್' ಎಂಬ ಗ್ರಂಥದಲ್ಲಿ ಕುಲುಮೆ, ತಿದಿ, ಮೂಸೆ, ಇಕ್ಕಳ, ಬಟ್ಟಿ ಇಳಿಸುವ ಪಾತ್ರೆಗಳನ್ನು ವಿವರಿಸಿದರು. ವೈದ್ಯರೂ ವಿದ್ವಾಂಸರೂ ಆಗಿದ್ದ ಅವರಿಗೆ ಕೈ ಮಸಿಯಾಗುವುದು ಅವಮಾನವೆನಿಸಲಿಲ್ಲ. ದ್ರಾಕ್ಷಿಯ ದ್ರಾವಣದ ಪೊಟ್ಯಾಶಿಯಮ್ಮಿಗೆ 'ಕೆ' ಎಂಬ ಸಂಕೇತ ಬಂದದ್ದು ಕೇಲಿಯಂ ಎಂಬ ಪದದಿಂದ, ಅದರ ಬೇರು ಸಸ್ಯದ ಬೂದಿಯನ್ನು ಸೂಚಿಸುವ ಅರಬಿಯ 'ಅಲ್ ಕಲೀ'. ಆ ಅಕ್ಷರವನ್ನು ಇಂಡಿಯ ಶೆಡ್ಡಿನಲ್ಲಿ ಚೀಲದ ಮೇಲೆ ಓದುವ ಹುಡುಗಿಗೆ ಇದನ್ನು ಹೇಳಿಕೊಟ್ಟವರಾರು? ಪೂರ್ವಜರ ಹೆಸರಿನಲ್ಲಿ ಚಪ್ಪಾಳೆ ಗಿಟ್ಟಿಸುವವರು ಮೊದಲು ತಮ್ಮದೇ ಆಡಳಿತ ಮಂಡಳಿಗಳ ಕಾಲೇಜುಗಳಲ್ಲಿ ಪ್ರಯೋಗಾಲಯ ಶುಲ್ಕದ ಲೆಕ್ಕ ಕೊಡಲಿ. ಎಷ್ಟು ಬ್ಯೂರೆಟ್ ಇವೆ, ಎಷ್ಟರ ತಿರುಪು ಸೋರುತ್ತದೆ, ವರ್ಷದಲ್ಲಿ ಎಷ್ಟು ದಿನ ಬಾಗಿಲು ತೆರೆದಿತ್ತು ಎಂಬುದನ್ನು ವಾರ್ಷಿಕ ಸಭೆಯಲ್ಲಿ ಓದಲಿ.

ಉಪನ್ಯಾಸಕರನ್ನು ಮಾತ್ರ ದೂರುವುದು ಅನ್ಯಾಯ. ಅನೇಕ ಕಡೆ ಪ್ರಯೋಗಾಲಯ ಸಹಾಯಕರಿಲ್ಲ, ಒಬ್ಬರೇ ನೂರಕ್ಕೂ ಹೆಚ್ಚು ಮಕ್ಕಳನ್ನು ನೋಡಬೇಕು. ಹಾಗಿರುವಾಗ ಬೋರ್ಡಿನ ಮೇಲೆ 10.2 ಎಂದು ಬರೆದುಬಿಡುವುದು ಸುಲಭ. ಅವರು ಸುಲಭದ ದಾರಿ ಹಿಡಿದದ್ದು ನಾವು ಒಮ್ಮೆಯೂ ಕೇಳದೆ ಇದ್ದುದರಿಂದ. ಫಲಿತಾಂಶ ಕಡಿಮೆಯಾದರೆ ಕಾಲೇಜಿನ ಬಾಗಿಲಲ್ಲಿ ಗಲಾಟೆ ಮಾಡುವ ನಾವು, ಕಪಾಟಿನ ಬೀಗ ತುಕ್ಕು ಹಿಡಿದಿದ್ದಕ್ಕೆ ಒಂದು ಅರ್ಜಿಯನ್ನಾದರೂ ಕೊಟ್ಟಿದ್ದೇವೆಯೇ?

ಪ್ರಾಯೋಗಿಕ ಪರೀಕ್ಷೆ ವಾರ್ಷಿಕ ಪರೀಕ್ಷೆಗಿಂತ ಮೊದಲೇ ನಡೆಯುತ್ತದೆ. ಅದಕ್ಕೂ ಮುಂಚೆ ಒಂದು ರಾತ್ರಿ, ಊಟವಾದ ಮೇಲೆ, ಮಗನ ಅಥವಾ ಮಗಳ ದಾಖಲೆ ಪುಸ್ತಕ ತರಿಸಿಕೊಳ್ಳಿ. ರಸಾಯನಶಾಸ್ತ್ರ ಗೊತ್ತಿಲ್ಲದ ತಂದೆತಾಯಿಯೂ ಕೇಳಬಹುದಾದ ಒಂದು ಪ್ರಶ್ನೆಯಿದೆ. ಆಕ್ಸಾಲಿಕ್ ಆಮ್ಲಕ್ಕೆ ಪರ್ಮಾಂಗನೇಟಿನ ಮೊದಲ ಹನಿ ಬಿದ್ದಾಗ ಬಣ್ಣ ಕೂಡಲೇ ಮಾಯವಾಯಿತೇ? ಪ್ರಯೋಗ ಮಾಡಿದ ಮಗು ಹೇಳುತ್ತದೆ: ಇಲ್ಲ, ಮೊದಲ ಹನಿಯ ಬಣ್ಣ ಸ್ವಲ್ಪ ಹೊತ್ತು ಉಳಿಯಿತು, ಆಮೇಲಿನ ಹನಿಗಳದು ಬಿದ್ದೊಡನೆ ಹೋಗತೊಡಗಿತು. ಕ್ರಿಯೆಯಲ್ಲೇ ಹುಟ್ಟುವ ಮ್ಯಾಂಗನೀಸ್ ಲವಣ ಮುಂದಿನ ಕ್ರಿಯೆಗೆ ವೇಗ ಕೊಡುವುದರಿಂದ ಹಾಗಾಗುತ್ತದೆ. ಬೋರ್ಡಿನಿಂದ ಇಳಿಸಿಕೊಂಡ ಮಗು ನಿಮ್ಮ ಮುಖ ನೋಡುತ್ತದೆ. ಮರುದಿನ ಕಾಲೇಜಿಗೆ ಹೋಗಬೇಕಾದವರು ನೀವು.