ರೋಗಿಗಿಂತ ಮೊದಲು ಸ್ಕ್ಯಾನ್ ತಲುಪಲಿ

2017ರ ಜುಲೈನಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯ ಆಪರೇಷನ್ ಕೊಠಡಿಯಲ್ಲಿ ಗಿಟಾರ್ ನುಡಿಯಿತು. ನುಡಿಸಿದವರು ಮೇಜಿನ ಮೇಲೆ ಎಚ್ಚರವಾಗಿದ್ದ ರೋಗಿ. ತಂತಿ ಮುಟ್ಟಿದರೆ ಸಾಕು, ಅವರ ಎಡಗೈ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು, ಅದು ಡಿಸ್ಟೋನಿಯಾ ಎಂಬ ಕಾಯಿಲೆ. ವೈದ್ಯರು ತಲೆಗೆ ಚೌಕಟ್ಟು ಬಿಗಿದು ಎಂಆರ್‌ಐ ತೆಗೆಸಿದರು. ಮಿದುಳಿನಲ್ಲಿ 8-9 ಸೆಂಟಿಮೀಟರ್ ಆಳದಲ್ಲಿದ್ದ ಗುರಿಗೆ ಎಲೆಕ್ಟ್ರೋಡ್ ಯಾವ ಕೋನದಲ್ಲಿ ಇಳಿಯಬೇಕೆಂದು ಆ ಚಿತ್ರದಿಂದಲೇ ಲೆಕ್ಕ ಹಾಕಿದರು. ಆ ಜಾಗವನ್ನು ಸುಡುತ್ತಾ ಹೋದಂತೆ ಬೆರಳುಗಳು ಸಡಿಲವಾದವು. ಗುರಿ ತಪ್ಪಿಲ್ಲವೆಂಬುದಕ್ಕೆ ಗಿಟಾರೇ ಸಾಕ್ಷಿಯಾಯಿತು.

ಇಂಥ ಚಿತ್ರಗಳಿಲ್ಲದ ಕಾಲದಲ್ಲೇ ಬೆಂಗಳೂರಿನಲ್ಲಿ ಡಾ. ಆರ್.ಎಂ. ವರ್ಮಾ ಕೆನ್ನೆಯ ಮೂಲಕ ಸೂಜಿ ತೂರಿಸಿ ಪಾರ್ಕಿನ್ಸನ್ ರೋಗಿಗಳ ನಡುಕ ತಗ್ಗಿಸಿದ್ದರು. ಮುಂದೆ ಅವರೇ ನಿಮ್ಹಾನ್ಸ್‌ನ ಮೊದಲ ನಿರ್ದೇಶಕರಾದರು.

ಇಂದು ಇಂಥ ಚಿತ್ರಗಳಿಂದ ಕಂಪ್ಯೂಟರ್ ಹಾಕಿಕೊಡುವ ನಕ್ಷೆಯೂ ಅಂತಿಮವಲ್ಲ. ತಲೆಬುರುಡೆ ತೆರೆದ ಮೇಲೆ ಒಳಗಿನ ದ್ರವ ಹರಿದುಹೋಗಿ ಮಿದುಳು ಕೆಲವು ಮಿಲಿಮೀಟರ್ ಜರುಗುತ್ತದೆ. ಬೆಳಗ್ಗೆ ತೆಗೆದ ಚಿತ್ರ ಮಧ್ಯಾಹ್ನಕ್ಕೆ ಹಳತಾಗಿರುತ್ತದೆ.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನಕ್ಕೆ ಬೇಕಿರುವುದು ಇಂಥ ಸೂಕ್ಷ್ಮ ನಕ್ಷೆಗಿಂತ ಸರಳವಾದದ್ದು. ಕೊನೆಕೊಯ್ಲಿನ ಹೊತ್ತಲ್ಲಿ ಅಡಿಕೆ ಮರದಿಂದ ಬಿದ್ದ ಕೊನೆಗೌಡನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೆ ಸಿಟಿ ಸ್ಕ್ಯಾನ್ ನಿಮಿಷಗಳಲ್ಲಿ ತೋರಿಸುತ್ತದೆ. ಆದರೆ ನರಶಸ್ತ್ರಚಿಕಿತ್ಸೆ ಸಿಗುವ ಹುಬ್ಬಳ್ಳಿ ಶಿರಸಿಯಿಂದ ಸುಮಾರು 100 ಕಿ.ಮೀ. ಮಣಿಪಾಲಕ್ಕೆ ಘಟ್ಟ ಇಳಿಯಬೇಕು, ಮಳೆಗಾಲದಲ್ಲಿ ಆ ದಾರಿ ಇನ್ನೂ ಕಷ್ಟ. ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನ 2019ರಲ್ಲಿ ದನಿಯೆತ್ತಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತಾಗ ಆ ಕೂಗು ಮತ್ತೆ ಎದ್ದಿತು. ನ್ಯಾಯವಾದ ಕೂಗು ಅದು.

ಆದರೆ ದೊಡ್ಡ ಆಸ್ಪತ್ರೆಯ ಕಟ್ಟಡ ಏಳುವತನಕ ಕೈಕಟ್ಟಿ ಕೂರಬೇಕಿಲ್ಲ. ಮೂರೂ ತಾಲ್ಲೂಕುಗಳ ಜನಕ್ಕೆ ಹತ್ತಿರದಲ್ಲೇ ಹಗಲು ರಾತ್ರಿ ಸಿಟಿ ಸ್ಕ್ಯಾನ್ ಸಿಗಬೇಕು. ತೆಗೆದ ಚಿತ್ರ ಆ ಕ್ಷಣವೇ ಹುಬ್ಬಳ್ಳಿಯ ಅಥವಾ ಮಣಿಪಾಲದ ನರಶಸ್ತ್ರಚಿಕಿತ್ಸಕರ ಪರದೆಗೆ ಹೋಗಬೇಕು. ತಲೆಯ ಸಿಟಿಯಲ್ಲಿ ರಕ್ತಸ್ರಾವ ಗುರುತಿಸಿ ಎಚ್ಚರಿಸುವ ತಂತ್ರಾಂಶವನ್ನು ಮುಂಬೈನ ಕ್ಯೂರ್.ಎಐ ಸಂಸ್ಥೆಯೇ ರೂಪಿಸಿದೆ. ಹೀಗಾದರೆ ಯಾರನ್ನು ತಕ್ಷಣ ಕಳಿಸಬೇಕು, ಯಾರನ್ನು ಇಲ್ಲೇ ಇಟ್ಟು ನೋಡಬಹುದು ಎಂಬುದು ಆಂಬುಲೆನ್ಸ್ ಹೊರಡುವ ಮುನ್ನವೇ ತೀರ್ಮಾನವಾಗುತ್ತದೆ. ರೋಗಿ ದಾರಿಯಲ್ಲಿರುವಾಗಲೇ ಅಲ್ಲಿ ಆಪರೇಷನ್ ಕೊಠಡಿ ಅಣಿಯಾಗುತ್ತದೆ.

ಯಂತ್ರ ಕೊಂಡರಷ್ಟೇ ಸಾಲದು. ರಾತ್ರಿ ಪಾಳಿಗೆ ತಂತ್ರಜ್ಞರು, ಕರೆಂಟ್ ಹೋದರೆ ಜನರೇಟರ್, ಮಳೆಗಾಲದಲ್ಲೂ ಕಡಿಯದ ಇಂಟರ್ನೆಟ್, ಆ ತುದಿಯಲ್ಲಿ ಚಿತ್ರ ನೋಡಲು ಹೆಸರಿಸಿ ನೇಮಿಸಿದ ವೈದ್ಯರು: ಜಿಲ್ಲೆಯ ಶಾಸಕರು ಮುಂದಿನ ಬಜೆಟ್ಟಿಗೆ ಮೊದಲೇ ಆರೋಗ್ಯ ಇಲಾಖೆಯಿಂದ ಇಷ್ಟನ್ನೂ ಬರಹದಲ್ಲಿ ಪಡೆಯಬೇಕು.