ಎಸ್‌ಎಸ್‌ಡಿ ಹಾಕಿಸಿದರೆ ಕರೆಂಟ್ ಹೋದರೂ ಲೆಕ್ಕ ಉಳಿಯುತ್ತದೆಯೇ?

ಜಮಖಂಡಿ, ಮುಧೋಳದ ಕಬ್ಬಿನ ತೂಕದ ಚೀಟಿ, ರಬಕವಿ-ಬನಹಟ್ಟಿಯ ಸೀರೆ ಬಿಲ್ಲು, ಬೀಳಗಿಯ ಸಹಕಾರಿ ಸಂಘದ ಠೇವಣಿ ಲೆಕ್ಕ ಇಂಥವೆಲ್ಲ ಈಗ ಕಂಪ್ಯೂಟರ್ ಸೇರುತ್ತಿವೆ. ‘ಹಾರ್ಡ್ ಡಿಸ್ಕ್ ಜೊತೆ ಒಂದು ಎಸ್‌ಎಸ್‌ಡಿ ಹಾಕಿಸಿ, ಕೆಲಸವೂ ಬೇಗ, ಕರೆಂಟ್ ಹೋದರೂ ಭಯವಿಲ್ಲ’ ಎನ್ನುವವರಿದ್ದಾರೆ. ಇದರಲ್ಲಿ ಎಷ್ಟು ನಿಜ, ನೋಡೋಣ.

ಎರಡೂ ಏಕೆ ಬೇಕು?

ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಅದರ ಓದುವ ಮುಳ್ಳೂ ಅತ್ತಿತ್ತ ಸರಿಯಬೇಕು. ಹಾಗಾಗಿ ಚದುರಿದ ಮಾಹಿತಿಯನ್ನು ಅದು ಸೆಕೆಂಡಿಗೆ ಸುಮಾರು 100 ಸಲ ಮಾತ್ರ ಹುಡುಕಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಸಾವಿರಾರು ಸಲ ಹುಡುಕುತ್ತದೆ. ಆದರೆ ದುಬಾರಿ. ಆದ್ದರಿಂದ ಇವೆರಡನ್ನೂ ಜೋಡಿಸುತ್ತಾರೆ.

ಕ್ಯಾಶ್: ಗಲ್ಲಾದ ಹತ್ತಿರದ ಸರಕು

ದಿನವೂ ಹೋಗುವ ಸರಕನ್ನು ಅಂಗಡಿಯವರು ಕೈಗೆಟಕುವಂತೆ ಇಟ್ಟು, ಉಳಿದದ್ದನ್ನು ಗೋದಾಮಿನಲ್ಲಿ ಇಡುತ್ತಾರೆ. ಓದುವ ಕ್ಯಾಶ್ ಹೀಗೆಯೇ. ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನಲ್ಲಿ ಇದಕ್ಕೆ ಎಲ್2ಆರ್ಕ್ ಎನ್ನುತ್ತಾರೆ. ಈ ಎಸ್‌ಎಸ್‌ಡಿ ಕೆಟ್ಟರೂ ನಷ್ಟವಿಲ್ಲ, ಮೂಲ ಪ್ರತಿ ಡಿಸ್ಕ್‌ನಲ್ಲಿರುತ್ತದೆ. ಆದರೆ ಅದರ ಸೂಚಿಯೇ ರ‍್ಯಾಮ್‌ನಲ್ಲಿ ಜಾಗ ತಿನ್ನುವುದರಿಂದ, ರ‍್ಯಾಮ್ ಕಡಿಮೆ ಇದ್ದರೆ ಮೊದಲು ಅದನ್ನು ಹೆಚ್ಚಿಸುವುದೇ ಲೇಸು.

ಬರೆಯುವ ಕ್ಯಾಶ್ ಬೇರೆ ಮಾತು. ‘ರೈಟ್-ಬ್ಯಾಕ್’ ವಿಧಾನದಲ್ಲಿ ಹೊಸ ಮಾಹಿತಿ ಸ್ವಲ್ಪ ಹೊತ್ತು ಎಸ್‌ಎಸ್‌ಡಿಯಲ್ಲಷ್ಟೇ ಇರುತ್ತದೆ. ಆಗ ಅದು ಕೆಟ್ಟರೆ ಲೆಕ್ಕವೂ ಹೋಯಿತು.

ಲಾಗ್: ನಮ್ಮ ಕಿರ್ದಿ

ನಮ್ಮ ಕಡೆ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಖತಾವಣಿಗೆ ಏರಿಸುತ್ತಾರೆ. ಖತಾವಣಿ ಅರ್ಧಕ್ಕೆ ನಿಂತರೂ ಕಿರ್ದಿ ನೋಡಿ ಪೂರ್ತಿ ಮಾಡಬಹುದು. 1993ರ ಎನ್‌ಟಿಎಫ್‌ಎಸ್, 2001ರಲ್ಲಿ ಲಿನಕ್ಸ್ ಸೇರಿದ ಎಕ್ಸ್‌ಟಿ3 ಈ ಉಪಾಯವನ್ನೇ ಬಳಸುತ್ತವೆ. ಆದರೆ ಇವು ಸಾಮಾನ್ಯವಾಗಿ ಕಿರ್ದಿಗೆ ಬರೆಯುವುದು ಫೈಲುಗಳ ವಿವರವನ್ನು, ಒಳಗಿನ ಬರಹವನ್ನಲ್ಲ.

ಜೆಡ್‌ಎಫ್‌ಎಸ್‌ನಲ್ಲಿ ಕಿರ್ದಿಯನ್ನು ಬೇರೆ ಎಸ್‌ಎಸ್‌ಡಿಯಲ್ಲಿಡಬಹುದು, ಅದೇ ಸ್ಲಾಗ್. ‘ಗಟ್ಟಿಯಾಗಿ ಬರೆದ ಮೇಲೆಯೇ ಹೂಂ ಅನ್ನು’ ಎಂದು ಕೇಳುವ ಡೇಟಾಬೇಸ್‌ನಂಥ ಕೆಲಸಗಳಿಗೆ ಮಾತ್ರ ಇದರ ಲಾಭ. ಸಾಮಾನ್ಯವಾಗಿ ಸುಮಾರು 5 ಸೆಕೆಂಡಿಗೊಮ್ಮೆ ಮಾಹಿತಿ ಮುಖ್ಯ ಡಿಸ್ಕ್‌ಗೆ ಹೋಗುವುದರಿಂದ ಕೆಲವೇ ಜಿಬಿ ಸಾಕು. ವ್ಯವಸ್ಥೆ ಕುಸಿದೆದ್ದಾಗ ಮಾತ್ರ ಅದನ್ನು ಓದುತ್ತಾರೆ.

ಕರೆಂಟ್ ಹೋದಾಗ?

ಕಿರ್ದಿಯನ್ನೇ ಎಸ್‌ಎಸ್‌ಡಿ ಕಳೆದುಕೊಂಡರೆ? 2013ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಲ್ಯಾಬ್ಸ್ ಸಂಶೋಧಕರು 15 ಎಸ್‌ಎಸ್‌ಡಿಗಳಿಗೆ ಪದೇ ಪದೇ ವಿದ್ಯುತ್ ಕಡಿತ ಮಾಡಿ ನೋಡಿದರು. 13ರಲ್ಲಿ ದೋಷ ಕಂಡಿತು. ಹಾಗಾಗಿ ಕಿರ್ದಿಗೆ ‘ಪವರ್ ಲಾಸ್ ಪ್ರೊಟೆಕ್ಷನ್’ ಇರುವ ಎಸ್‌ಎಸ್‌ಡಿಯೇ ಬೇಕು. ಕರೆಂಟ್ ಹೋದರೂ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು ವಿದ್ಯುತ್ತನ್ನು ಅದರೊಳಗಿನ ಕೆಪಾಸಿಟರ್‌ಗಳು ಹಿಡಿದಿಟ್ಟಿರುತ್ತವೆ.

ಅದರ ಜೊತೆಗೆ ಯುಪಿಎಸ್, ಇನ್ನೊಂದು ಜಾಗದಲ್ಲಿ ಬ್ಯಾಕಪ್ ಇರಲೇಬೇಕು. ಏಕೆಂದರೆ ನಾವು ತಪ್ಪಿ ಅಳಿಸಿದ ಲೆಕ್ಕವನ್ನೂ ಕಿರ್ದಿ ಅಷ್ಟೇ ನಿಷ್ಠೆಯಿಂದ ‘ಅಳಿಸಲಾಗಿದೆ’ ಎಂದೇ ಬರೆದುಕೊಳ್ಳುತ್ತದೆ.