ಅರ್ಧ ನಿಮಿಷದ ಜಗಳ

ಕಾರ್ಖಾನೆಯೊಂದರಲ್ಲಿ ಮುಷ್ಕರ ಅಂದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, 'ಎಷ್ಟು ಸಂಬಳ ಜಾಸ್ತಿ ಬೇಕಂತೆ?' ಎಂಬುದು. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಬಿಟ್ಟು ಕೂತಾಗ ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಅವರ ದೂರು ಇದ್ದದ್ದು ವೇಗದ ಬಗ್ಗೆ. ಮೂರು ನಿಮಿಷಕ್ಕೊಂದು ಕಾರು ಇಳಿಸುತ್ತಿದ್ದ ಲೈನಿನಲ್ಲಿ ಎರಡೂವರೆ ನಿಮಿಷಕ್ಕೊಂದು ಇಳಿಸಿ ಅನ್ನುತ್ತಿದ್ದಾರೆ, ಮೂತ್ರಕ್ಕೆ ಎದ್ದು ಹೋಗಲೂ ಪುರಸೊತ್ತಿಲ್ಲ ಎಂದು ಅವರು ಹೇಳಿದರು.

ಅರ್ಧ ನಿಮಿಷ ಕೇಳುವುದಕ್ಕೆ ಸಣ್ಣದು. ಊಟ, ಟೀ ವಿರಾಮ ಕಳೆದು ಒಂದು ಪಾಳಿಯಲ್ಲಿ 450 ನಿಮಿಷ ಕೆಲಸ ಎಂದಿಟ್ಟುಕೊಳ್ಳಿ. ಮೂರು ನಿಮಿಷದ ಲೆಕ್ಕದಲ್ಲಿ 150 ಕಾರು, ಎರಡೂವರೆಯ ಲೆಕ್ಕದಲ್ಲಿ 180. ಅದೇ ಜನ, ಅದೇ ಗಂಟೆ, ಅದೇ ಸಂಬಳ. ಮೂವತ್ತು ಕಾರು ಹೆಚ್ಚು. ಅಂದರೆ ಒಬ್ಬೊಬ್ಬನೂ ಇನ್ನೂ ಮೂವತ್ತು ಸಲ ಬಗ್ಗಬೇಕು, ಮೂವತ್ತು ಸಲ ಬೋಲ್ಟು ಬಿಗಿಯಬೇಕು. ಈ ಮೂವತ್ತನ್ನು ಯಾರು ನಿರ್ಧರಿಸಬೇಕು? ಕೂಲಿಯ ದರದ ಬಗ್ಗೆ ಚೌಕಾಸಿ ಮಾಡಲು ಕಾರ್ಮಿಕನಿಗೆ ಹಕ್ಕಿದೆ ಎಂದು ಒಪ್ಪಿಕೊಂಡ ಸಮಾಜ, ಕೆಲಸದ ವೇಗ ಮತ್ತು ಆಳುಗಳ ಸಂಖ್ಯೆಯ ವಿಷಯ ಬಂದಾಗ ಮಾತ್ರ 'ಅದು ಮ್ಯಾನೇಜ್‌ಮೆಂಟಿಗೆ ಬಿಟ್ಟದ್ದು' ಎಂದು ಸುಮ್ಮನಾಗುತ್ತದೆ. ಹಾಗೆ ಸುಮ್ಮನಾಗುವುದು ತಪ್ಪು ಎಂಬುದು ನನ್ನ ವಾದ.

ಟೊಯೊಟಾ ಪದ್ಧತಿಯಲ್ಲಿ ವೇಗ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ನೋಡಿ. ಅಲ್ಲಿ 'ಟ್ಯಾಕ್ಟ್ ಟೈಮ್' ಎಂಬ ಲೆಕ್ಕವಿದೆ. ದುಡಿಮೆಗೆ ಸಿಗುವ ಒಟ್ಟು ಸಮಯವನ್ನು ಗಿರಾಕಿಗಳಿಗೆ ಬೇಕಾದ ಕಾರುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕಾರಿಗೆ ಎಷ್ಟು ನಿಮಿಷ ಎಂಬುದು ಸಿಗುತ್ತದೆ. ಈ ಭಾಗಾಕಾರದಲ್ಲಿ ಮಾರುಕಟ್ಟೆ ಇದೆ, ಗಡಿಯಾರ ಇದೆ, ಮನುಷ್ಯನ ಬೆನ್ನುಮೂಳೆ ಇಲ್ಲ. ಬೇಡಿಕೆ ಏರಿದಾಗ ಜನರನ್ನು ಹೆಚ್ಚಿಸಿ ಕೆಲಸ ಹಂಚಬಹುದು, ಇಲ್ಲವೇ ಇದ್ದವರ ಮೇಲೇ ಹೊರಿಸಬಹುದು. ಯಾವ ದಾರಿ ಹಿಡಿಯಬೇಕೆಂಬ ತೀರ್ಮಾನ ಗಣಿತದಿಂದ ಬರುವುದಿಲ್ಲ. ಅದು ದುಡ್ಡಿನ, ನ್ಯಾಯದ ಪ್ರಶ್ನೆ.

ಅದೇ ಪದ್ಧತಿಯಲ್ಲಿ ಇನ್ನೊಂದು ಏರ್ಪಾಡೂ ಇದೆ. ಲೈನಿನ ಪಕ್ಕದಲ್ಲಿ 'ಅಂಡಾನ್' ದೀಪಕ್ಕೆ ಜೋಡಿಸಿದ ಹಗ್ಗ ಇಳಿಬಿಟ್ಟಿರುತ್ತಾರೆ, ಈಗೀಗ ಗುಂಡಿಯೂ ಇರುತ್ತದೆ. ಕಾರಿನಲ್ಲಿ ದೋಷ ಕಂಡ ಸಾಮಾನ್ಯ ಕಾರ್ಮಿಕ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ, ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಇಡೀ ಲೈನು ನಿಲ್ಲುತ್ತದೆ. ಜಗತ್ತಿನ ಮ್ಯಾನೇಜ್‌ಮೆಂಟ್ ಶಾಲೆಗಳು ಈ ಹಗ್ಗವನ್ನು ಹಾಡಿ ಹೊಗಳಿವೆ, ಹೊಗಳಿದ್ದರಲ್ಲಿ ತಪ್ಪಿಲ್ಲ. ದೋಷ ಮೊದಲು ತಿಳಿಯುವುದು ಕೈ ಇಟ್ಟವನಿಗೇ ಎಂಬ ಒಪ್ಪಿಗೆ ಅದರಲ್ಲಿದೆ. ಕಾರಿನ ಬಾಗಿಲು ಸರಿಯಾಗಿ ಕೂತಿಲ್ಲ ಎಂದು ಹೇಳಲು ಆತ ನಂಬಿಕಸ್ಥ ಎಂದಾದರೆ, 'ಈ ವೇಗದಲ್ಲಿ ನನ್ನ ಭುಜ ಉಳಿಯದು' ಎಂದಾಗ ಆತ ಏಕಾಏಕಿ ಸೋಮಾರಿಯಾಗುವುದು ಹೇಗೆ?

ಬಿಡದಿಯ ಪಕ್ಕದ ರಾಮನಗರದ ಮಂದಿಗೆ ಈ ಮಾತು ಹೊಸದೇನಲ್ಲ. ಚರಕದ ಮೇಲೆ ರೇಷ್ಮೆ ತೆಗೆಯುವ ಮನೆಗಳಲ್ಲಿ ಬಿಸಿನೀರಿನಿಂದ ಗೂಡಿನ ಎಳೆ ಎತ್ತುವ ಕೈ 'ನಿಧಾನ' ಅಂದರೆ ರಾಟೆ ತಿರುಗಿಸುವ ಕೈ ಕೇಳಲೇಬೇಕು. ಕೇಳದಿದ್ದರೆ ಎಳೆ ಹರಿಯುತ್ತದೆ, ನಷ್ಟ ಇಬ್ಬರಿಗೂ.

ಬಿಡದಿಯಲ್ಲಿ ಆ ಮಾತು ಕೇಳಿಸಿಕೊಳ್ಳುವ ಬದಲು ಏನಾಯಿತು? ನವೆಂಬರ್ 9ರಂದು ಯೂನಿಯನ್ ಪದಾಧಿಕಾರಿಯೊಬ್ಬರ ಅಮಾನತು, ಅದನ್ನು ವಿರೋಧಿಸಿ ಒಳಗೇ ಧರಣಿ, ಮಾರನೆಯ ದಿನ ಲಾಕೌಟ್. ಧರಣಿ ಕಾನೂನುಬಾಹಿರ, ಕೊರೊನಾ ನಿಯಮಕ್ಕೆ ವಿರುದ್ಧ ಎಂದು ಕಂಪನಿ ಹೇಳಿತು. ಮುಷ್ಕರ, ಲಾಕೌಟ್ ಎರಡನ್ನೂ ನಿಷೇಧಿಸಿ ಸರ್ಕಾರ ಆದೇಶ ಹೊರಡಿಸಿತು. ಬಾಗಿಲು ತೆರೆಯಿತು, ಆದರೆ ಮುಚ್ಚಳಿಕೆ ಬರೆದುಕೊಟ್ಟು ಒಳಗೆ ಬನ್ನಿ ಎಂಬ ಷರತ್ತಿಗೆ ಬಹುಪಾಲು ಕಾರ್ಮಿಕರು ಒಪ್ಪಲಿಲ್ಲ. ನವೆಂಬರ್ 23ಕ್ಕೆ ಮತ್ತೆ ಲಾಕೌಟ್. ಜನವರಿಯಲ್ಲಿ ಅದು ತೆರವಾಯಿತು. ಮುಷ್ಕರ ಮುಗಿದದ್ದು 2021ರ ಮಾರ್ಚ್ ಆರಂಭದಲ್ಲಿ. ಅಷ್ಟರಲ್ಲಿ ಅಮಾನತಾದವರ ಸಂಖ್ಯೆ ಒಂದರಿಂದ ಹಲವು ಹತ್ತುಗಳಿಗೆ ಏರಿತ್ತು. ಚರ್ಚೆಯೆಲ್ಲ ಅಮಾನತು ಮತ್ತು ಮುಚ್ಚಳಿಕೆಯ ಸುತ್ತ ಗಿರಕಿ ಹೊಡೆದು ಅರ್ಧ ನಿಮಿಷದ ಮೂಲ ಪ್ರಶ್ನೆ ಮೂಲೆ ಸೇರಿತು. 2014ರಲ್ಲಿ ಸಂಬಳದ ಮಾತುಕತೆ ಮುರಿದು ಇದೇ ಕಾರ್ಖಾನೆಗೆ ಬೀಗ ಬಿದ್ದಾಗಲೂ ಮುಚ್ಚಳಿಕೆಯ ಪ್ರಶ್ನೆಯೇ ಜಗಳವನ್ನು ವಾರಗಟ್ಟಲೆ ಎಳೆದಿತ್ತು.

ಕಾನೂನೂ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ ಸಂಬಳ, ಕೆಲಸದ ಗಂಟೆ, ವಿರಾಮ, ಪಾಳಿ ಮುಂತಾದವುಗಳನ್ನು ಬದಲಿಸುವ ಮೊದಲು 21 ದಿನ ಮುಂಚೆ ನೋಟಿಸ್ ಕೊಡಬೇಕು ಎಂದಿತು. ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಆ ಪದ್ಧತಿಯನ್ನು ಉಳಿಸಿಕೊಂಡಿದೆ. ಗಂಟೆಯೊಳಗೆ ಎಷ್ಟು ದುಡಿಸಬಹುದು ಎಂಬುದು ಮಾತ್ರ ಆ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಲೇಬೇಕೆಂದು ಹೊಸ ಸಂಹಿತೆ ಎಲ್ಲ ಕಾರ್ಖಾನೆಗಳಿಗೂ ಕಡ್ಡಾಯ ಮಾಡಿತು. ವೇಗ ಏರಿಸುವವರಿಗೆ ಅಂಥ ಕಟ್ಟುಪಾಡಿಲ್ಲ.

ವೇಗಕ್ಕೂ ಆಳಿನ ಕೊರತೆಗೂ ಬೆಲೆ ತೆರುವವರು ಕಾರ್ಮಿಕರಷ್ಟೇ ಆಗಿದ್ದರೆ ಉಳಿದವರು ತಲೆ ಕೆಡಿಸಿಕೊಳ್ಳದೆ ಇರಬಹುದಿತ್ತೇನೋ. ವಿಮಾನದ ಮೆಕ್ಯಾನಿಕ್‌ಗಳ ಕೆಲಸ ಗಮನಿಸಿದರೆ ಆ ಭ್ರಮೆ ಹರಿಯುತ್ತದೆ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ಬರ್ಮಿಂಗ್‌ಹ್ಯಾಮ್‌ನಿಂದ ಮೇಲೇರಿದ ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಮುಂದಿನ ಗಾಜು ಕಿತ್ತುಹೋಯಿತು. ಗಾಳಿ ಅವರ ಅರ್ಧ ದೇಹವನ್ನು ಹೊರಗೆ ಎಳೆದುಕೊಂಡಿತು. ಸಿಬ್ಬಂದಿ ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ವಿಮಾನ ಇಳಿಸಿದರು, ಕ್ಯಾಪ್ಟನ್ ಬದುಕಿದರು. ಹಾರಾಟಕ್ಕೆ ಸುಮಾರು 27 ಗಂಟೆ ಮೊದಲು ರಾತ್ರಿ ಪಾಳಿಯಲ್ಲಿ ಆ ಗಾಜು ಬದಲಿಸಿದ್ದರು. ಪಾಳಿಯಲ್ಲಿ ಜನ ಕಡಿಮೆ ಇದ್ದರು. ಮೇಲ್ವಿಚಾರಕರೇ ಬೆಳಗಿನ ಜಾವ ಒಬ್ಬರೇ ಕೆಲಸಕ್ಕೆ ಕೈ ಹಾಕಿದರು. ಹಳೆಯ ಬೋಲ್ಟಿಗೆ ಹೊಸದನ್ನು ಕಣ್ಣಳತೆಯಲ್ಲಿ ಹೊಂದಿಸಿದರು. 90 ಬೋಲ್ಟುಗಳಲ್ಲಿ 84 ಕೂದಲೆಳೆಯಷ್ಟು ಸಪೂರವಾಗಿದ್ದವು. ಅವರು ಅನುಭವಿ, ಕೆಲಸಕ್ಕೆ ಹಿಂಜರಿಯುವವರಲ್ಲ. ಅಂಥವರ ಕೈಯೂ ತಪ್ಪುತ್ತದೆ ಎಂಬುದೇ ಆ ಘಟನೆಯ ಪಾಠ.

ನಮ್ಮಲ್ಲೂ ವಿಮಾನಗಳ ದುರಸ್ತಿ ಹೆಚ್ಚಾಗಿ ನಡೆಯುವುದು ಅವು ನೆಲಕ್ಕಿಳಿದ ರಾತ್ರಿಯಲ್ಲೇ. 2022ರ ಜುಲೈನಲ್ಲಿ ಇಂಡಿಗೋದ ಟೆಕ್ನೀಷಿಯನ್‌ಗಳು ಕಡಿಮೆ ಸಂಬಳ ವಿರೋಧಿಸಿ ಹೈದರಾಬಾದ್, ದೆಹಲಿಗಳಲ್ಲಿ ಸಾಮೂಹಿಕವಾಗಿ 'ಸಿಕ್ ಲೀವ್' ಹಾಕಿದರು. ಬಹಿರಂಗವಾಗಿ ಕೂತು ಮಾತಾಡುವ ದಾರಿ ಇಲ್ಲದಾಗ ಅಸಮಾಧಾನ ಹೀಗೆ ಅಡ್ಡದಾರಿಯಲ್ಲಿ ಹೊರಬರುತ್ತದೆ. ಪೈಲಟ್‌ಗಳ ಹಾರಾಟದ ಗಂಟೆಗೂ ವಿಶ್ರಾಂತಿಗೂ ನಿಯಮವಿದೆ. ಆ ನಿಯಮಕ್ಕೆ ಬೇಕಾದಷ್ಟು ಜನರನ್ನು ಹೊಂದಿಸಿಕೊಳ್ಳದೆ 2025ರ ಡಿಸೆಂಬರ್‌ನಲ್ಲಿ ಅದೇ ಕಂಪನಿಯ ಸಾವಿರಾರು ವಿಮಾನಗಳು ರದ್ದಾದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಜನ ದಿನಗಟ್ಟಲೆ ಪರದಾಡಿದರು. ನೆಲದ ಮೇಲಿನ ಮೆಕ್ಯಾನಿಕ್‌ನ ಪಾಳಿಗೆ ಅಷ್ಟು ಕಟ್ಟುನಿಟ್ಟಿನ ಲೆಕ್ಕವೂ ಇಲ್ಲ.

ಇದಕ್ಕೆ ಎದುರು ವಾದವಿದೆ: 'ಹೀಗೆಲ್ಲ ಗಲಾಟೆ ಮಾಡಿದರೆ ಕಂಪನಿ ಬೇರೆ ರಾಜ್ಯಕ್ಕೆ ಹೋಗುತ್ತದೆ, ನಮ್ಮ ಹುಡುಗರಿಗೆ ಕೆಲಸ ಎಲ್ಲಿ?' ಕನಕಪುರ, ಚನ್ನಪಟ್ಟಣದ ಹಳ್ಳಿಗಳಲ್ಲಿ ಮಗನ ಐಟಿಐ ಸರ್ಟಿಫಿಕೇಟ್ ಹಿಡಿದು ಕಾದಿರುವ ತಂದೆ ತಾಯಿಯ ಭಯ ಸುಳ್ಳಲ್ಲ. ಆದರೆ ಆ ಮುಷ್ಕರ ಮುಗಿದು ಮೂರು ವರ್ಷವೂ ಆಗಿರಲಿಲ್ಲ, 2023ರ ನವೆಂಬರ್‌ನಲ್ಲಿ ಟೊಯೊಟಾ ಬಿಡದಿಯಲ್ಲೇ ಮೂರನೆಯ ಘಟಕಕ್ಕೆ 3,300 ಕೋಟಿ ರೂಪಾಯಿ ಹಾಕುವುದಾಗಿ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಮಹಾರಾಷ್ಟ್ರದ ಜೊತೆಗೂ ಒಪ್ಪಂದ ಮಾಡಿಕೊಂಡಿತು ಎಂಬುದೂ ನಿಜ. ಜಾಗ, ಮಾರುಕಟ್ಟೆ, ಬಂದರು, ಸರ್ಕಾರದ ರಿಯಾಯಿತಿ ಇವೆಲ್ಲವನ್ನೂ ತೂಗಿ ಕಂಪನಿಗಳು ಲೆಕ್ಕ ಹಾಕುತ್ತವೆ. ಒಂದು ಮುಷ್ಕರಕ್ಕೆ ಹೆದರಿ ಗಂಟುಮೂಟೆ ಕಟ್ಟುವುದಿಲ್ಲ.

ಯೂನಿಯನ್‌ಗಳೂ ಒಂದು ಮಾತು ಕೇಳಬೇಕು. 'ಹೊರೆ ಜಾಸ್ತಿ' ಎಂಬ ಘೋಷಣೆ ಸಾಲದು. ಯಾವ ಸ್ಟೇಷನ್‌ನಲ್ಲಿ ಎಷ್ಟು ಸೆಕೆಂಡು ಸಾಲದೆ ಬರುತ್ತದೆ, ಯಾವ ಪಾಳಿಯಲ್ಲಿ ಬದಲಿ ಆಳು ಇರಲಿಲ್ಲ, ಎಷ್ಟು ಜನಕ್ಕೆ ಸೊಂಟ ನೋವು ಎಂಬ ಲೆಕ್ಕವನ್ನು ದಿನಾ ಬರೆದಿಡಬೇಕು. ಕಾಯಂ ನೌಕರರ ಪಕ್ಕದಲ್ಲೇ ನಿಂತು ಅದೇ ವೇಗಕ್ಕೆ ದುಡಿಯುವ ಗುತ್ತಿಗೆಯವರು, ಅಪ್ರೆಂಟಿಸ್‌ಗಳನ್ನು ಆ ಲೆಕ್ಕದಿಂದ ಬಿಡಬಾರದು.

ಸರ್ಕಾರ ಮಾಡಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಎರಡೂ ಕಡೆಯವರು ಸಮವಾಗಿ ಕೂರುವ ಕಾರ್ಯ ಸಮಿತಿ ರಚಿಸಲು 1947ರಿಂದಲೂ ಕಾನೂನಿನಲ್ಲಿ ಅವಕಾಶವಿದೆ. ಲೈನಿನ ವೇಗ, ಒಂದು ಪಾಳಿಗೆ ಬೇಕಾದ ಆಳುಗಳ ಸಂಖ್ಯೆ ಇವೆರಡೂ ಅದರ ಮುಂದೆ ಬರಲಿ. ವೇಗ ಬದಲಿಸುವ ಮೊದಲು 21 ದಿನದ ನೋಟಿಸ್ ಇರಲಿ. ಪ್ರಯೋಗ ನಡೆಯುವಾಗ ಕಾರ್ಮಿಕರು ಆರಿಸಿದವರೂ ಗಡಿಯಾರ ಹಿಡಿದು ನಿಲ್ಲಲಿ. ವಿಮಾನದ ಮೆಕ್ಯಾನಿಕ್‌ಗಳಿಗೂ ಪೈಲಟ್‌ಗಳಂತೆ ಪಾಳಿಯ ಮಿತಿ ಬರಲಿ. ದುಡಿಯುವವನ ಸಮಯ ಕೊಳ್ಳಲು ಮಾಲೀಕನಿಗೆ ಹಕ್ಕಿದೆ. ಆ ಸಮಯದೊಳಗೆ ಅವನ ದೇಹವನ್ನು ಎಷ್ಟು ಸವೆಸಬಹುದು ಎಂಬುದನ್ನು ಒಬ್ಬನೇ ತೀರ್ಮಾನಿಸುವ ಹಕ್ಕಿಲ್ಲ.